ಬಂಡೆಗೆ ಎಳೆದ ಕುಂಕುಮದ ಗೆರೆ

ಬಳ್ಳಾರಿಯವರಿಗೆ ಕಲ್ಲು ಕಾಣುವುದಿಲ್ಲ. ಹುಟ್ಟಿದಾಗಿನಿಂದ ಕಣ್ಣೆದುರಿಗೇ ಇದ್ದದ್ದು ಯಾರಿಗೆ ತಾನೇ ಕಂಡೀತು? ಯಾರೋ ಆಟಕ್ಕೆಂದು ಒಂದರ ಮೇಲೊಂದು ಪೇರಿಸುತ್ತ ಕೂತು, ಊಟಕ್ಕೆ ಕರೆದರೆಂದು ಹಾಗೇ ಬಿಟ್ಟು ಎದ್ದುಹೋದಂತಿರುವ ಗುಂಡುಗಳ ಬುಡದಲ್ಲೇ ಅವರು ಮನೆ ಕಟ್ಟುತ್ತಾರೆ, ಮದುವೆ ಮುಂಜಿ ಮಾಡುತ್ತಾರೆ, ಹಪ್ಪಳ ಒಣಹಾಕುತ್ತಾರೆ. ತಲೆಯೆತ್ತಿ ನೋಡುವವರು ಯಾರೂ ಇಲ್ಲ. ವಿಜಯಾಬಾಯಿ ನೋಡಿದಳು. ನೋಡಿದ್ದೇ ಆಕೆಯ ಪಾಲಿಗೆ ದೊಡ್ಡ ಕಷ್ಟವಾಯಿತು.

ಆಕೆ ಸಿರುಗುಪ್ಪದ ಹೆಣ್ಣುಮಗಳು. ಅಲ್ಲಿ ಹೊಳೆಯುಂಟು, ಗದ್ದೆಯುಂಟು, ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುವ ಎರೆಮಣ್ಣು ಉಂಟು. ನಾಯಿಗೆ ಎಸೆಯೋಣವೆಂದರೆ ಕೈಗೆ ಒಂದು ಕಲ್ಲು ಸಿಗುವುದಿಲ್ಲ. ತಲೆಯ ಮೇಲೆ ಏನೂ ಇಲ್ಲದ ಬಯಲಿನಲ್ಲಿ ಬೆಳೆದವಳು ಮದುವೆಯಾಗಿ ಬಳ್ಳಾರಿಗೆ ಬಂದಳು. ಮೊದಲ ಕೆಲವು ವರ್ಷ ಪೇಟೆಯ ವಠಾರವೊಂದರಲ್ಲಿ ಸಂಸಾರ. ಅಲ್ಲಿ ಗುಡ್ಡ ಕಾಣದಷ್ಟು ಗೋಡೆಗಳಿದ್ದವು. ಒಬ್ಬರು ಸೀನಿದರೆ ನಾಲ್ಕು ಮನೆಯವರು ‘ಚಿರಂಜೀವಿ’ ಅನ್ನುವಂಥ ಜಾಗ. ಬೈದುಕೊಂಡೇ ಆಕೆ ಅಲ್ಲಿ ಸುಖವಾಗಿದ್ದಳು.

ಸ್ವಾತಂತ್ರ್ಯ ಬಂದ ಮರುವರ್ಷ ಗಂಡ ವಾಸುದೇವರಾಯರು ಮನೆ ಕಟ್ಟಿಸಿದರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ: ಸ್ವಂತದ ಮನೆ, ಅದರ ಸುತ್ತ ಗಾಳಿ. ಪಾರ್ವತಿನಗರದ ಆಚೆ, ಊರು ಮುಗಿದು ಗುಡ್ಡ ಶುರುವಾಗುವ ಕಡೆ ಜಾಗ ಸಿಕ್ಕಿತು. ಆಗ ಅಲ್ಲಿ ಮನೆಗಳೇ ಬೆರಳೆಣಿಕೆಯಷ್ಟು. ಮಧ್ಯಾಹ್ನವಾದರೆ ಗಂಡಸರೆಲ್ಲ ಕಚೇರಿಗೆ, ಕೋರ್ಟಿಗೆ. ಓಣಿಯಲ್ಲಿ ಗಾಳಿ ಬಿಟ್ಟರೆ ಇನ್ನೊಂದು ಸದ್ದಿಲ್ಲ. ಹಿತ್ತಲ ಗೋಡೆಯ ಆಚೆ ಸೀತಾಫಲದ ಪೊದೆ, ಜಾಲಿ, ಅದರ ಮೇಲೆ ಗುಡ್ಡ. ಕೌಜುಗ ಕೂಗುತ್ತಿದ್ದವು. ಒಮ್ಮೊಮ್ಮೆ ಉಡ ಬಂದು ಬಚ್ಚಲ ಕಲ್ಲಿನ ಮೇಲೆ ಮನೆಯಳಿಯನ ಹಾಗೆ ಮೈಚಾಚಿ ಮಲಗುತ್ತಿತ್ತು.

‘ಇಂಥ ಶಾಂತಿ ಪೇಟ್ಯಾಗ ಎಲ್ಲದ?’ ಎಂದು ರಾಯರು ಮೀಸೆ ತಿರುವಿದರು. ಗೃಹಪ್ರವೇಶದ ದಿನವೇ ಹಿತ್ತಲ ಬಾಗಿಲು ತೆಗೆದು ತಲೆಯೆತ್ತಿದ ವಿಜಯಾಬಾಯಿಗೆ ಅದು ಕಂಡುಬಿಟ್ಟಿತ್ತು.

ಮನೆಯ ನೆತ್ತಿಗೆ ಸರಿಯಾಗಿ, ಇಳಿಜಾರಿನ ಮೇಲೆ, ಒಂದು ಹಾಸುಬಂಡೆಯ ತುದಿಯಲ್ಲಿ ಆ ಗುಂಡು ಕೂತಿತ್ತು. ಗಾತ್ರದಲ್ಲಿ ಮನೆಯಷ್ಟೇ ಇತ್ತು, ಹೆಚ್ಚಾದರೂ ಹೆಚ್ಚೇ. ಇಷ್ಟು ದೊಡ್ಡದು ಕೆಳಗಿನ ಬಂಡೆಯನ್ನು ಮುಟ್ಟಿದ್ದು ಒಂದು ಚಾಪೆಯಗಲದಷ್ಟು ಮಾತ್ರ. ಉಳಿದದ್ದೆಲ್ಲ ಗಾಳಿಯಲ್ಲಿ, ಕೆಳಗಿನ ಹಿತ್ತಲಿನ ಕಡೆಗೆ ಬಾಗಿತ್ತು. ಅಂದು ಹೂರಣ ರುಬ್ಬುತ್ತಿದ್ದಾಗಲೂ ಆಕೆಯ ಕಣ್ಣು ಮೇಲಕ್ಕೇ ಹೋಗುತ್ತಿತ್ತು.

‘ಬಳ್ಳಾರಿ ಹುಟ್ಟಿದಾಗಿಂದ ಅಲ್ಲೇ ಕೂತದ ಅದು’ ಎಂದು ರಾಯರು ನಕ್ಕರು. ‘ನೀ ಬಂದಿ ಅಂತ ಎದ್ದು ಬರ್ತದೇನು?’

‘ಬೀಳೋದು ಏನಿದ್ರೂ ಬೀಳೋ ಹಿಂದಿನ ದಿನದ ತನಕಾ ಕೂತೇ ಇರ್ತದ್ರಿ’ ಅಂದಳು ವಿಜಯಾಬಾಯಿ. ಜವಾಬು ಹೊಳೆಯದಿದ್ದರೆ ಗಂಡಸರು ಮಾಡುವುದನ್ನೇ ರಾಯರೂ ಮಾಡಿದರು, ಕೊಡೆ ಹಿಡಿದು ಹೊರಗೆ ಹೋದರು.

ಆಕೆ ತನಗಾಗಿ ಅಂಜಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಗುಡ್ಡಕ್ಕೆ ಒರಗಿದ ಹಾಗಿದ್ದ ಹಿಂದಿನ ಕೋಣೆಯಲ್ಲಿ ಅತ್ತೆ ತಿರುಮಲಮ್ಮ ಮಲಗುತ್ತಿದ್ದರು. ಅವರ ಮಗ್ಗುಲಲ್ಲಿ ಮಗ ಮಧುಸೂದನ. ಮೂರು ವರ್ಷದ ಕೂಸಿಗೆ ಅಜ್ಜಿಯ ಕಥೆಯಿಲ್ಲದೆ ನಿದ್ದೆ ಬಾರದು. ಅತ್ತೆಗೋ ಮಡಿ. ಬಾವಿ ಹಿಂದೆ, ತುಳಸಿ ಹಿಂದೆ, ಮಡಿಸೀರೆ ಒಣಹಾಕುವ ಗಳ ಹಿಂದೆ. ‘ಅತ್ತೀ, ಮುಂದಿನ ಕೋಣ್ಯಾಗ ಮಲಗ್ರಿ, ಗಾಳಿ ಚೆನ್ನಾಗಿರ್ತದ’ ಎಂದು ಸೊಸೆ ಎಷ್ಟೋ ಸಲ ಹೇಳಿ ನೋಡಿದಳು. ‘ನಿನ್ನ ಗಾಳಿಗೆ ನನ್ನ ಮಡಿ ಬಿಡಲೇನು? ಆಯುಷ್ಯ ಬರೆದವ ಮ್ಯಾಲಿದ್ದಾನ’ ಎಂದರು ಅತ್ತೆ. ಮೇಲೆ ಏನಿದೆ ಎಂಬುದೇ ಸೊಸೆಯ ಸಂಕಟವಾಗಿತ್ತು.

ಹೀಗೇ ಹೆದರಿ ಹೆದರಿ ಹೆದರಿಕೆಯೇ ಮಂಕಾಗುವ ಹೊತ್ತಿಗೆ ಕುರುಗೋಡಿನಲ್ಲಿ ನೆಂಟರ ಮನೆಯ ಮುಂಜಿ ಬಂತು. ಹೋಗುವಾಗ ಬಸ್ಸು ಕಾದು ಹೊಗೆಯುಗುಳಿ ದಾರಿಯಲ್ಲೇ ನಿಂತಿತು. ಕಾಲುವೆಯ ಕೆಲಸಕ್ಕೆಂದು ಅಲ್ಲಿ ಕಲ್ಲು ಎಬ್ಬಿಸುತ್ತಿದ್ದರು. ನೆಲಮಟ್ಟದ ಬಂಡೆಯ ಮೇಲೆ ಜಾಲಿಮುಳ್ಳು ಒಟ್ಟಿ ಉರಿ ಹಾಕಿದ್ದರು. ಉರಿ ಇಳಿದ ಮೇಲೆ ಹೆಂಗಸರು ಬೂದಿ ಸರಿಸಿ ಕೊಡದ ನೀರು ಸುರಿದರು. ಠಳ್ ಎಂಬ ಸದ್ದಾಯಿತು. ನೋಡನೋಡುತ್ತ ಬಂಡೆಯ ಮೈಯಿಂದ ಅಂಗೈ ದಪ್ಪದ ಚಪ್ಪಡಿ, ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದಿತು. ವಿಜಯಾಬಾಯಿ ಮಗುವನ್ನು ಎದೆಗವಚಿಕೊಂಡಳು. ಕಲ್ಲೆಂದರೆ ಕಲ್ಲೇ, ಅದು ಗಟ್ಟಿ ಎಂದುಕೊಂಡಿದ್ದ ಒಂದು ಧೈರ್ಯವೂ ಅಂದು ಹೋಯಿತು. ಮುಂಜಿಯ ಮನೆಯಲ್ಲಿ ಏನು ಉಂಡಳೋ ಆಕೆಗೆ ನೆನಪಿಲ್ಲ.

ಆ ಬೇಸಿಗೆ ಬಿಸಿಲಿಗೆ ಗುಡ್ಡವೇ ಕಾಯತೊಡಗಿದಾಗ ಆಕೆಗೆ ಊಟ ಸೇರದಾಯಿತು. ರಾಯರು ಒಂದು ದಿನ ಬೇಸತ್ತು ತಮಾಷೆಗೆ ಅಂದರು: ‘ಅಷ್ಟು ಅನುಮಾನಿದ್ರ ಒಂದು ಕೆಲಸ ಮಾಡು. ಮ್ಯಾಲಿನ ಗುಂಡು, ಕೆಳಗಿನ ಬಂಡಿ, ಎರಡಕ್ಕೂ ಸೇರಿಸಿ ಒಂದು ಗೆರಿ ಎಳೆದು ಬಾ. ಗುಂಡು ಸರಿದ್ರ ಗೆರಿ ತಪ್ತದ. ತಪ್ಪಲಿಲ್ಲಂದ್ರ ಸುಮ್ನ ನಿದ್ದಿ ಮಾಡು.’

ತಮಾಷೆಯೆಂದು ಅವರು ಅದನ್ನು ಮರೆತರು. ವಿಜಯಾಬಾಯಿ ಮರೆಯಲಿಲ್ಲ.

ಮುಂದಿನ ಏಕಾದಶಿ. ಒಲೆ ಹಚ್ಚುವಂತಿಲ್ಲ, ಅತ್ತೆ ಮೊಮ್ಮಗನನ್ನು ಕರೆದುಕೊಂಡು ಮಠಕ್ಕೆ ಪುರಾಣ ಕೇಳಲು ಹೋಗಿದ್ದರು. ಓಣಿ ಖಾಲಿ. ಬಂಡೆಗೆ ಏನು ಹಚ್ಚುವುದು? ಸುಣ್ಣ ಮಳೆಗೆ ಹೋಗುತ್ತದೆ, ಇದ್ದಿಲು ಕಾಣುವುದಿಲ್ಲ. ಹೊಸ್ತಿಲಿಗೆ ಹಚ್ಚುವ ಹಾಗೆ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿದಳು. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಸೀತಾಫಲ, ಜಾಲಿಯ ಪೊದೆಗಳ ನಡುವೆ ಕಾಲಿಗೆ ಮುಳ್ಳು ತರಚಿಸಿಕೊಳ್ಳುತ್ತ ಗುಡ್ಡ ಹತ್ತಿದಳು. ಗುಂಡಿನ ಬುಡದಲ್ಲಿ ನಿಂತಳು. ಉಸಿರು ಬಿಗಿಹಿಡಿದು, ಗುಂಡಿನಿಂದ ಹಾಸುಬಂಡೆಯವರೆಗೆ, ಎರಡೂ ಕೂಡುವಲ್ಲಿ ಹಾದುಹೋಗುವಂತೆ, ಬೆರಳಿನಿಂದ ಒಂದು ನೆಟ್ಟನೆಯ ಗೆರೆ ಎಳೆದು ಇಳಿದು ಬಂದಳು.

ಆಮೇಲೆ ಪ್ರತಿ ಏಕಾದಶಿ ಅದೇ ಕೆಲಸ. ಮಾಸಿದ್ದರೆ ಮತ್ತೆ ಎಳೆಯುವಳು. ಗೆರೆ ನೆಟ್ಟಗೆ ಇತ್ತು. ಹಬ್ಬಕ್ಕೆ ಬಂದ ಅಣ್ಣ ‘ಮೈ ಕೈ ತುಂಬಿಕೊಂಡೀಯಲ್ಲವಾ’ ಅಂದಾಗ ಆಕೆಗೇ ಆಶ್ಚರ್ಯ. ಈ ಸುಖವನ್ನು ಆಕೆ ಯಾರಿಗೂ ಹೇಳಲಿಲ್ಲ. ಮನೆಯ ಸೊಸೆ ಏಕಾದಶಿಯಂಥ ಹರಿವಾಸರದ ದಿನ ಒಬ್ಬಳೇ ಗುಡ್ಡ ಹತ್ತುತ್ತಾಳೆಂದರೆ ಅತ್ತೆ ಸುಮ್ಮನಿರುತ್ತಿದ್ದರೇ?

ಚಳಿಗಾಲದ ಒಂದು ಏಕಾದಶಿಯಂದು ಮೇಲೆ ಹೋಗಿ ನೋಡಿದರೆ ಗೆರೆಯ ಪಕ್ಕದಲ್ಲಿ ಅರಿಶಿನ. ಯಾರದೋ ಅಂಗೈ ಗುರುತು. ಕೆಳಗೆ ಕಣಗಿಲೆ ಹೂವು, ಎರಡು ಹಸಿರು ಬಳೆ, ಒಡೆದ ತೆಂಗಿನಕಾಯಿಯ ಚಿಪ್ಪು. ನಮ್ಮ ಸೀಮೆಯಲ್ಲಿ ಕಲ್ಲಿಗೆ ಕುಂಕುಮ ಮೆತ್ತಿದರೆ ಮುಗಿಯಿತು, ಆಮೇಲೆ ಅದು ಕಲ್ಲಲ್ಲ. ಇಷ್ಟು ಸಣ್ಣ ಮಾತು ಹೊಸ್ತಿಲಿಗೆ ದಿನಾ ಕುಂಕುಮ ಹಚ್ಚುವ ವಿಜಯಾಬಾಯಿಗೇ ಹೊಳೆದಿರಲಿಲ್ಲ.

ಮರುದಿನ ಹೊನ್ನೂರಮ್ಮ ಬಂದಳು. ಗುಡ್ಡದ ಆಚೆ ಹಟ್ಟಿಯವಳು. ಒಲೆಗೆ ಕುಳ್ಳು, ಪುಳ್ಳೆ ತಂದು ಹಿತ್ತಲ ಬಾಗಿಲಿನ ಹೊರಗೆ ಹಾಕುತ್ತಿದ್ದಳು. ಅತ್ತೆ ಅದರ ಮೇಲೆ ನೀರು ಚಿಮುಕಿಸಿ ಒಳಗೆ ತರಿಸುತ್ತಿದ್ದರು. ವಿಜಯಾಬಾಯಿ ಜೋಳದ ಸೇರನ್ನು ಗೋಡೆಯ ಮೇಲಿಡುವುದು, ಆಕೆ ದೂರ ಸರಿದ ಮೇಲೆ ಹೊನ್ನೂರಮ್ಮ ಅದನ್ನು ಉಡಿಗೆ ಸುರಿದುಕೊಳ್ಳುವುದು. ಎರಡು ವರ್ಷದ ಮಾತುಕತೆಯಲ್ಲಿ ಒಬ್ಬರ ಬೆರಳು ಇನ್ನೊಬ್ಬರಿಗೆ ಸೋಕಿರಲಿಲ್ಲ. ಹಾಗೆಂದು ಮಾತಿಗೆ ಬರವಿರಲಿಲ್ಲ.

‘ಅಮ್ಮಾರ, ನಿಮ್ಮ ಮನಿ ಹಿಂದ ಸುಂಕಲಮ್ಮ ತಾಯಿ ಎದ್ದಾಳ್ರಿ!’ ಹೊನ್ನೂರಮ್ಮನ ಕಣ್ಣು ಅರಳಿದ್ದವು. ‘ಆಡು ಹುಡಿಕ್ಕೋತ ಹೋಗಿದ್ನಿ. ನೋಡ್ತೀನಿ, ಗುಂಡಿಗೆ ಹಸಿ ಕುಂಕಮ! ಮನಿಷ್ಯಾರು ಹೋಗೋ ಜಾಗ ಏನ್ರಿ ಅದು? ನನ್ನ ಮಗಳು ಈರವ್ವಗ ಮೈಮ್ಯಾಲ ಅಮ್ಮ ಆಗಿದ್ಳು, ಬದುಕೋ ಆಸೆ ಇರಲಿಲ್ಲ. ಅಲ್ಲೇ ಅಡ್ಡಬಿದ್ದು ಬೇಡಿಕೊಂಡ್ನಿ. ಮನಿಗಿ ಹೋಗೋದ್ರಾಗ ಹುಡಿಗಿ ಗಂಜಿ ಬೇಡಾಕತ್ತಿದ್ಳು ನೋಡ್ರಿ.’

ಆಗಲೇ ಹೇಳಿಬಿಡಬೇಕಿತ್ತು. ‘ಅದು ದೇವಿಯಲ್ಲ ಹೊನ್ನೂರಮ್ಮ, ನಾನು’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಒಳಗೆ ಅತ್ತೆ ಕೇಳಿಸಿಕೊಳ್ಳುತ್ತಿದ್ದರು. ಎದುರಿಗೆ ಸಿಡುಬಿನಿಂದ ಮಗಳನ್ನು ಮರಳಿ ಪಡೆದ ತಾಯಿ ನಿಂತಿದ್ದಳು. ಅವಳ ಕೈಯಿಂದ ದೇವಿಯನ್ನು ಕಿತ್ತುಕೊಳ್ಳುವ ಗಟ್ಟಿ ಮನಸ್ಸು ವಿಜಯಾಬಾಯಿಯದಲ್ಲ. ‘ಹೌದೇನು?’ ಎಂದಷ್ಟೇ ಅಂದಳು.

ಮಂಗಳವಾರ ಮಂಗಳವಾರ ಹಟ್ಟಿಯ ಹೆಂಗಸರು ಬರತೊಡಗಿದರು. ಮೊದಲು ಎಣ್ಣೆ ದೀಪ, ಆಮೇಲೆ ಹುಗ್ಗಿಯ ಎಡೆ. ಎಡೆ ಅಲ್ಲೇ ಬೇಯಬೇಕು. ಗುಡ್ಡದ ಮೇಲೆ ಗಾಳಿ ಜಾಸ್ತಿ; ಒಲೆ ಹೂಡಲು ಮರೆ ಎಲ್ಲಿದೆ? ಗುಂಡಿನ ಕೆಳಗೇ ಇದೆ! ಚಾಪೆಯಗಲದ ಆ ಕೂಡುಜಾಗದ ಮಗ್ಗುಲಲ್ಲೇ ಮೂರು ಕಲ್ಲಿಟ್ಟು ಉರಿ ಹಾಕಿದರು. ಹಿತ್ತಲಿನಿಂದ ಹೊಗೆ ನೋಡಿದ ವಿಜಯಾಬಾಯಿಗೆ ಕುರುಗೋಡಿನ ದಾರಿ ನೆನಪಾಗಿ ಕೈಯಲ್ಲಿದ್ದ ತಂಬಿಗೆ ಬಿತ್ತು.

‘ಕಲ್ಲಿಗೆ ಉರಿ ಹಾಕಾಕತ್ಯಾರ, ಹೋಗಿ ಬಿಡಸ್ರಿ’ ಎಂದು ಗಂಡನಿಗೆ ಅಂಗಲಾಚಿದಳು.

‘ಅವರ ದೇವರು, ಅವರ ಗುಡ್ಡ. ನಾ ಹೋಗಿ ದೇವರನ್ನ ಓಡಸ್ಲೇನು? ನಾಳೆ ಏನಾರ ಆದ್ರ ಗುಮಾಸ್ತನ ಕಣ್ಣು ಬಿತ್ತು ಅಂತಾರ’ ಎಂದರು ರಾಯರು. ಆ ದೇವಿ ಎದ್ದದ್ದು ತಾವು ತಮಾಷೆಗೆ ಹೇಳಿಕೊಟ್ಟ ಗೆರೆಯಿಂದಲೇ ಎಂದು ಅವರಿಗೆ ಗೊತ್ತಿಲ್ಲ. ಹೇಳಲು ಆಕೆಗೆ ಬಾಯಿಲ್ಲ. ಇನ್ನು ಅತ್ತೆ? ಹರಿಯನ್ನು ಬಿಟ್ಟು ಇನ್ನೊಬ್ಬರಿಗೆ ತಲೆಬಾಗದ ತಿರುಮಲಮ್ಮ, ಬೆಳಿಗ್ಗೆ ತುಳಸಿಗೆ ನೀರೆರೆದು, ಅತ್ತಿತ್ತ ನೋಡಿ, ಗುಡ್ಡದ ಕಡೆಗೂ ಒಂದು ಸಲ ಕೈಮುಗಿಯುತ್ತಿದ್ದುದನ್ನು ಸೊಸೆ ಕಂಡಳು. ಕಂಡದ್ದು ಅತ್ತೆಗೆ ತಿಳಿಯಿತು. ‘ಯಾವ ಹುತ್ತದಾಗ ಯಾವ ಹಾವಿರ್ತದೋ’ ಎಂದು ಗೊಣಗಿ ಒಳಗೆ ಹೋದರು.

ಆಕೆಗೆ ಏಕಾದಶಿಯ ನೆಮ್ಮದಿಯೂ ಹೋಯಿತು. ಮೇಲೆ ಯಾವಾಗಲೂ ಯಾರಾದರೊಬ್ಬರು. ಕೆಳಗಿನಿಂದ ನೋಡಿದರೆ ಕಾಣುವುದು ಬರೀ ಕೆಂಪು. ಅಡಿಗೆ ಮಾಡುವಾಗ ಸಾಸಿವೆ ಸಿಡಿದರೆ ಬೆಚ್ಚುವಳು. ಮಗು ಹಿತ್ತಲಲ್ಲಿ ಆಡುತ್ತಿದ್ದರೆ ಕಾರಣವಿಲ್ಲದೆ ಗದರಿಸಿ ಒಳಗೆಳೆದುಕೊಳ್ಳುವಳು. ಅದು ಅತ್ತರೆ ತಾನೂ ಅಳುವಳು. ನಾನೇ ಉರಿ ಹಚ್ಚಿಸಿದೆ, ನನ್ನ ಕೈಯಾರೆ ಹಚ್ಚಿಸಿದೆ ಎಂಬ ಒಂದೇ ಮಾತು ಒಳಗೆ ಕೊರೆಯುತ್ತಿತ್ತು.

ವೈಶಾಖ ಬಂತು. ಹಟ್ಟಿಯಲ್ಲಿ ಮತ್ತೆ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಅಮ್ಮ ಕಾಣಿಸಿಕೊಂಡಿತೆಂದು ಹೊನ್ನೂರಮ್ಮ ಹೇಳಿದಳು. ಮುಖದಲ್ಲಿ ಎಂದಿನ ನಗುವಿರಲಿಲ್ಲ. ‘ಬರೋ ಮಂಗಳಾರ ಮನಿಗೊಂದು ಒಲಿ ಹೂಡಿ ದೊಡ್ಡ ಎಡಿ ಮಾಡ್ತೀವ್ರಿ. ತಾಯಿ ಕೈಬಿಡಬಾರ್ದು’ ಅಂದಳು. ಮನೆಗೊಂದು ಒಲೆ!

ಆ ಮಂಗಳವಾರ ಬಿಸಿಲು ನೆತ್ತಿಗೇರುವ ಹೊತ್ತಿಗೆ ಗುಂಡಿನ ಕೆಳಗೆ ಸಾಲಾಗಿ ಉರಿ ಎದ್ದಿತು. ಹಲಗೆ ಬಡಿಯುವ ಸದ್ದು ಕೇಳುತ್ತಿತ್ತು. ಆಕೆ ಮಗುವನ್ನು ಮುಂದಿನ ಕೋಣೆಯಲ್ಲಿ ಕೂಡಿಸಿ ಹೊರಗಿನಿಂದ ಅಗಳಿ ಹಾಕಿದಳು. ‘ಅತ್ತೀ, ಒಂದು ಗಳಿಗಿ ಈ ಕಡೆ ಬರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ’ ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಬೇಡಿದಳು. ‘ಅನ್ನ ಒಲಿ ಮ್ಯಾಲದ, ಮುಟ್ಟಬ್ಯಾಡ ದೂರ ನಿಲ್ಲು’ ಎಂದರು ಅತ್ತೆ.

ಅಷ್ಟರಲ್ಲಿ ಆಯಿತು. ಠಳ್! ಅದೇ ಸದ್ದು. ಆಮೇಲೆ ಪೊದೆಗಳು ಮುರಿಯುವ ಸದ್ದು. ಬಾಗಿಲಗಲದ ಒಂದು ಚಕ್ಕೆ ಉರುಳಿ ಬಂದು ಹಿತ್ತಲ ಗೋಡೆಗೆ ಹಾಯಿತು. ಗೋಡೆ ಕುಸಿದು, ಮಡಿಸೀರೆಯ ಗಳ ಮುರಿದು ಬಿತ್ತು. ಧೂಳಿನ ಹಿಂದೆ ಅತ್ತೆ ‘ಶ್ರೀಹರೀ’ ಎಂದು ಕೂಗಿದರು. ಅವರ ದನಿ ಕೇಳಿದ್ದೇ ತಡ, ವಿಜಯಾಬಾಯಿ ಬಿದ್ದ ಗೋಡೆಯ ಮೇಲಿಂದಲೇ ಗುಡ್ಡಕ್ಕೆ ಓಡಿದಳು. ಸೆರಗು ಜಾಲಿಗೆ ಸಿಕ್ಕು ಹರಿಯಿತು. ಆಕೆ ತಿರುಗಿ ನೋಡಲಿಲ್ಲ.

ಮೇಲೆ ಹೆಂಗಸರೆಲ್ಲ ದಿಕ್ಕೆಟ್ಟು ನಿಂತಿದ್ದರು. ಹಲಗೆಯ ಬಡಿತ ನಿಂತಿತ್ತು. ಗುಂಡಿನ ಹೊಟ್ಟೆಯಲ್ಲಿ ಚಕ್ಕೆ ಎದ್ದ ಜಾಗ ಹಸಿ ಗಾಯದ ಹಾಗೆ ಬಿಳಿಚಿಕೊಂಡಿತ್ತು. ‘ತಾಯಿಗೆ ಉರಿ ಆಗೈತ್ರೇ! ಅಮ್ಮ ಆದಾಕಿಗಿ ಬೆಂಕಿ ಹಾಕೀವಿ! ನೀರು ತರ್ರೇ, ತಂಪು ಮಾಡ್ರೇ!’ ಎಂದು ಹೊನ್ನೂರಮ್ಮ ಕೂಗುತ್ತಿದ್ದಳು. ಕೂಗುತ್ತಲೇ ಕೊಡವನ್ನು ಹೆಗಲಿಗೇರಿಸಿ, ಕಾದ ಕಲ್ಲಿನ ಮೇಲೆ ಎತ್ತಿದಳು.

‘ನೀರು ಬ್ಯಾಡ!’

ವಿಜಯಾಬಾಯಿ ಅವಳ ಎರಡೂ ಮಣಿಕಟ್ಟು ಹಿಡಿದುಬಿಟ್ಟಳು. ಕೊಡ ವಾಲಿ ನೀರು ಇಬ್ಬರ ಮೈಮೇಲೂ ಸುರಿಯಿತು. ಹಟ್ಟಿಯ ಹೆಂಗಸರು ದೇವಿಯನ್ನು ಮರೆತು ಆ ಹಿಡಿದ ಕೈಗಳನ್ನೇ ನೋಡಿದರು. ಹೊನ್ನೂರಮ್ಮ ಬಿಡಿಸಿಕೊಳ್ಳಲು ನೋಡಿದಳು. ‘ಅಮ್ಮಾರ, ಮುಟ್ಟೀರಿ, ಬಿಡ್ರಿ, ನಿಮಗ ಮೈಲಿಗಿ...’

‘ಆಗ್ಲಿ. ಕಾದ ಕಲ್ಲಿಗೆ ನೀರು ಹಾಕಿದ್ರ ಒಡೀತದ. ಕುರುಗೋಡಿನ ದಾರಿಯಾಗ ಕಣ್ಣಾರೆ ನೋಡೀನಿ. ಇದು ಹೋತಂದ್ರ ಕೆಳಗ ನನ್ನ ಕೂಸದ, ನಮ್ಮತ್ತಿ ಇದ್ದಾರ.’ ಉಸಿರು ಸಾಲದೆ ಒಂದು ಕ್ಷಣ ನಿಂತಳು. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗಲಿಲ್ಲ. ‘ಹೊನ್ನೂರಮ್ಮ, ಆ ಕುಂಕುಮ ದೇವಿದಲ್ಲ. ನಾ ಹಚ್ಚಿದ್ದು. ಗುಂಡು ಸರಿದ್ರ ಗೊತ್ತಾಗ್ಲಿ ಅಂತ ಗೆರಿ ಎಳೆದಿದ್ದೆ. ಮೊದಲನೇದ್ದೂ ನಾನೇ, ಆಮ್ಯಾಲಿಂದೂ ನಾನೇ. ನೀವು ಮೋಸಹೋದ್ರಿ. ತಪ್ಪು ನಂದು.’

ಒಲೆಯ ಮೇಲೆ ಒಂದು ಗಡಿಗೆ ಉಕ್ಕಿ ಬೆಂಕಿಗೆ ಸುರಿಯಿತು. ಬಡಿಯುತ್ತಾರೋ, ಬೈಯುತ್ತಾರೋ, ಅಳುತ್ತಾರೋ ಎಂದು ವಿಜಯಾಬಾಯಿ ತಲೆ ತಗ್ಗಿಸಿ ಕಾದಳು. ಹಿಡಿದ ಕೈ ಬಿಡುವುದು ಮಾತ್ರ ಮರೆತಿತ್ತು.

‘ಯಾಕ ಹಚ್ಚಿದ್ರಿ?’ ಎಂದು ಕೇಳಿದಳು ಹೊನ್ನೂರಮ್ಮ, ಬಹಳ ಮೆಲ್ಲಗೆ.

‘ಅಂಜಿಕಿ ಆಗಿತ್ತು. ಕೂಸಿಗೆ ಏನಾಗ್ತದೋ ಅಂತ ಅಂಜಿಕಿ.’

ಹೊನ್ನೂರಮ್ಮ ಆಕೆಯ ಮುಖವನ್ನೇ ನೋಡಿದಳು. ‘ಮತ್ತ ನಾವೇನು ಅಂಜಿಕಿ ಇಲ್ದ ಹಚ್ಚೀವೇನ್ರಿ, ಅಮ್ಮಾರ?’

ಇಷ್ಟು ಕಾಲ ವಿಜಯಾಬಾಯಿ ಒಬ್ಬಳೇ ಹೊತ್ತಿದ್ದ ಅಂಜಿಕೆ ಗೋಡೆಯ ಆಚೆಯೂ ಇತ್ತು, ಜೋಳ ಅಳೆದು ಇಟ್ಟಾಗಲೆಲ್ಲ ಎದುರಿಗೇ ನಿಂತಿತ್ತು. ಆಕೆಯ ಲಕ್ಷ್ಯ ಮೇಲಿನ ಕಲ್ಲಿನ ಮೇಲಿತ್ತು. ಅಲ್ಲೇ ಕೂತು ಅತ್ತುಬಿಟ್ಟಳು.

ಹೊನ್ನೂರಮ್ಮ ಹೆಂಗಸರ ಕಡೆ ತಿರುಗಿದಳು. ‘ಏನು ನೋಡ್ತೀರೇ? ಮೊದಲು ಕುಂಕಮ ಹಚ್ಚಿದಾಕಿ ಬಂದು ಹೇಳ್ಯಾಳ, ಕೇಳೋದು ಬ್ಯಾಡೇನು? ಒಲಿ ಎಲ್ಲಾ ಕೆಳಗ ಬಯಲಿಗಿ ಒಯ್ರಿ. ತಾಯಿ ತಾನ ತಣ್ಣಗಾಗ್ಲಿ. ಇನ್ನು ಮ್ಯಾಲ ಬರೀ ಮೊಸರನ್ನದ ಎಡಿ.’ ದೇವಿ ಹುಸಿಯಾದಳೆಂದು ಯಾರೂ ಅನ್ನಲಿಲ್ಲ. ಆ ಯೋಚನೆಯೇ ಯಾರಿಗೂ ಬಂದಂತಿರಲಿಲ್ಲ.

ಹರಿದ ಸೆರಗಿನಲ್ಲಿ, ಒದ್ದೆ ಮೈಯಲ್ಲಿ ಸೊಸೆ ಕೆಳಗಿಳಿದು ಬಂದಾಗ ಅತ್ತೆ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ಅವರು ಕೆಳಗಿನಿಂದ ಎಲ್ಲ ನೋಡಿದ್ದರು. ‘ಸ್ನಾನ ಮಾಡು’ ಎಂದರು. ಅಷ್ಟೇ. ಆಮೇಲೆ ತಾವೇ ಎದ್ದು ನೀರು ಸೇದಿ ಕೊಟ್ಟರು. ಸಂಜೆ ಯಾರೂ ಹೇಳದೆ ತಮ್ಮ ಚಾಪೆ, ಜಪಮಣಿ, ಮೊಮ್ಮಗನ ಕೌದಿ ಎತ್ತಿಕೊಂಡು ಮುಂದಿನ ಕೋಣೆಗೆ ಬಂದರು. ‘ಗಾಳಿ ಚೆನ್ನಾಗಿರ್ತದ ಅಂದಿದ್ದಿಯಲ್ಲ’ ಎಂದು ಗೋಡೆಗೆ ಹೇಳಿದರು.

ಮುಂದಿನ ಏಕಾದಶಿ ವಿಜಯಾಬಾಯಿ ಬಟ್ಟಲು ಹಿಡಿದು ಗುಡ್ಡ ಹತ್ತಿದಳು. ಈ ಸಲ ಬಟ್ಟಲನ್ನು ಮುಚ್ಚಿಕೊಂಡಿರಲಿಲ್ಲ. ಇಷ್ಟು ಉರಿ ತಿಂದ ಗುಂಡು ಸರಿದಿದೆಯೋ ಇಲ್ಲವೋ ನೋಡಬೇಕಿತ್ತು. ಗೆರೆಯನ್ನು ಹುಡುಕಿದಳು. ಗೆರೆಯೇ ಇರಲಿಲ್ಲ. ಹಟ್ಟಿಯವರೆಲ್ಲ ಹಚ್ಚಿದ ಅರಿಶಿನ, ಅದರ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ಅರಿಶಿನ, ಪದರ ಪದರವಾಗಿ ಮೆತ್ತಿ ಗುಂಡೂ ಬಂಡೆಯೂ ಕೂಡುವ ಸಂದೇ ಮುಚ್ಚಿಹೋಗಿತ್ತು. ಕೆರೆಯಬಹುದಿತ್ತು. ಉಗುರು ಮುಂದೆ ಮಾಡಿ ತಡೆದಳು. ಮೇಲುಗಡೆ ಪುಟ್ಟ ಅಂಗೈಯೊಂದರ ಹೊಸ ಗುರುತಿತ್ತು, ಮಗ ಮಧುವಿನ ಕೈಯಷ್ಟೇ ದೊಡ್ಡದು. ಹಟ್ಟಿಯ ಯಾವ ಮನೆಯಲ್ಲಿ ಯಾವ ಕೂಸು ಅಮ್ಮ ಆಗಿ ಮಲಗಿದೆಯೋ.

ಗುಂಡು ಸರಿದಿತ್ತೋ ಇಲ್ಲವೋ, ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ. ಆಕೆ ಬಟ್ಟಲಿಗೆ ಬೆರಳದ್ದಿ ಆ ಪುಟ್ಟ ಅಂಗೈಯ ಪಕ್ಕದಲ್ಲಿ ಒಂದು ಬೊಟ್ಟಿಟ್ಟಳು.